ಮೊಬೈಲ್ ಕಿತ್ತುಕೊಳ್ಳುವ ಮೊದಲು: ಪಿಯುಸಿ ಓದುವ ಮಕ್ಕಳ ಪೋಷಕರಿಗೆ

ದ್ವಿತೀಯ ಪಿಯುಸಿ ಓದುವ ಮಗ ನಡುರಾತ್ರಿಯವರೆಗೂ ಹೊದಿಕೆಯೊಳಗೆ ಮೊಬೈಲ್ ನೋಡುತ್ತಿದ್ದಾನೆಂದು ತಿಳಿದ ಕೂಡಲೇ ಅದನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುವ ಮನೆಗಳು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಕಾಲೇಜಿನ ಸೂಚನೆ, ನೋಟ್ಸು, ಗೆಳೆಯರ ಒಡನಾಟ ಎಲ್ಲವೂ ಅದರಲ್ಲೇ ಇರುವುದರಿಂದ ಎರಡೇ ದಿನಗಳಲ್ಲಿ ಹಿಂದಿರುಗಿಸಬೇಕಾಗುತ್ತದೆ. ಅಷ್ಟರಲ್ಲಿ ಅವನು ನಿಮ್ಮಿಂದ ಮುಚ್ಚಿಡುವುದನ್ನು ಕಲಿತಿರುತ್ತಾನೆ.

ಮೊದಲ ವಾರ ಏನನ್ನೂ ನಿಷೇಧಿಸದೆ ಗಮನಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಎಂಬ ಭಾಗವಿದ್ದು, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆಯಿತೆಂಬುದನ್ನು ಅದು ತೋರಿಸುತ್ತದೆ. ಮಗನೊಂದಿಗೆ ಕುಳಿತು ಅದನ್ನು ನೋಡಿ, ನಿಮ್ಮ ಫೋನಿನ ಲೆಕ್ಕವನ್ನೂ ಅವನಿಗೆ ತೋರಿಸಿ. ಒಟ್ಟು ಗಂಟೆಗಳಿಗಿಂತ ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ನೋಡುತ್ತಾನೆಂಬುದೇ ಮುಖ್ಯ. ಎರಡು ಗಂಟೆ ಭೌತಶಾಸ್ತ್ರದ ಪಾಠ ಕೇಳಿದ್ದು ವ್ಯಸನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದ್ದು, ಗೇಮಿಂಗ್ ವ್ಯಸನವನ್ನು ಗುರುತಿಸುವಾಗ ಅದು ಕೂಡ ಗಂಟೆಗಳನ್ನು ಎಣಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲವೂ ಹಿಂದೆ ಸರಿಯುವುದು, ಹಾನಿ ಕಂಡರೂ ಮುಂದುವರಿಯುವುದು, ಇದು ಸಾಮಾನ್ಯವಾಗಿ 12 ತಿಂಗಳು ಕಾಣಿಸುವುದು ಅದರ ಲಕ್ಷಣಗಳು.

ಆಮೇಲೆ ರಾತ್ರಿಯೊಂದನ್ನೇ ಸರಿಪಡಿಸಿ. ಮನೆಯವರೆಲ್ಲರ ಚಾರ್ಜರುಗಳು ನಡುಮನೆಯಲ್ಲಿರಲಿ. ಹತ್ತೂವರೆಯಾದ ಮೇಲೆ ಅಪ್ಪನ ಫೋನೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಈ ನಿಯಮ ಒಂದು ವಾರವೂ ಬಾಳದು. ಬೆಳಿಗ್ಗೆ ಏಳುವುದಕ್ಕೆ ಫೋನು ಬೇಕೆಂಬ ನೆಪ ಉಳಿಯದಂತೆ ಅಲಾರಂ ಗಡಿಯಾರವೊಂದನ್ನು ತನ್ನಿ. ರೀಲ್ಸ್‌ಗೆ ಕೊನೆಯೆಂಬುದೇ ಇಲ್ಲ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತದೆ. ದಣಿದ ಹದಿನೇಳರ ಹುಡುಗ ನಡುರಾತ್ರಿಯಲ್ಲಿ ತಾನಾಗಿಯೇ ನಿಲ್ಲಿಸಲಿ ಎಂದು ಬಯಸುವುದು ನ್ಯಾಯವಲ್ಲ. ನೋಟಿಫಿಕೇಶನ್ ಮತ್ತು ಆಟೋಪ್ಲೇಯನ್ನು ಅವನ ಕೈಯಿಂದಲೇ ಆಫ್ ಮಾಡಿಸಿ. ಆ್ಯಪ್ ಟೈಮರನ್ನು ಮಾತ್ರ ಹೆಚ್ಚು ನಂಬಬೇಡಿ, ಅದನ್ನು ತೆಗೆದುಹಾಕುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಬಿಡುವಾದ ಹೊತ್ತು ಖಾಲಿಯಾಗಿಯೇ ಉಳಿದರೆ ಕೈ ಮತ್ತೆ ಫೋನನ್ನೇ ಹುಡುಕುತ್ತದೆ. ಊಟದ ನಂತರ ಅವನ ಜೊತೆ ಒಂದು ಸುತ್ತು ನಡೆದು ಬನ್ನಿ. ಅಂಕಗಳ ವಿಚಾರ ಎತ್ತದೆ ನಡೆದರೆ, ಪರೀಕ್ಷೆಯ ಭಯವೋ, ಕಾಲೇಜಿನಲ್ಲಾದ ಅವಮಾನವೋ, ಅವನು ಮೊಬೈಲಿನಲ್ಲಿ ಮರೆಯಲು ಹೊರಟದ್ದು ಯಾವುದೆಂದು ಅವನೇ ಹೇಳಬಹುದು. ಮೊದಲ ಕೆಲವು ದಿನ ಸಿಡುಕುತ್ತಾನೆ, ಸಹಿಸಿಕೊಳ್ಳಿ.

ಊಟ, ನಿದ್ದೆ, ಕಾಲೇಜು ಮೂರೂ ತಪ್ಪುತ್ತಿದ್ದರೆ ಮನೆಯ ಉಪಾಯಗಳಲ್ಲಿ ಕಾಲ ಕಳೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕುವುದೇ ಬೇಡ ಎಂಬ ಮಾತು ಮಗನ ಬಾಯಿಂದ ಒಮ್ಮೆ ಬಂದರೂ ಅಂದೇ ಕರೆ ಮಾಡಿ, ಅವನನ್ನು ಒಂಟಿಯಾಗಿ ಬಿಡಬೇಡಿ.