ಬ್ರೈಟನ್ ಬೀಚಿನ ರಷ್ಯನ್ ಮಾತಿನವರಿಗೆ ಸೇಡರ್ ಊಟ: ನಾವು ನಡೆಸುವ ಬಗೆ

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬ್ರೈಟನ್ ಬೀಚ್ ಕಡೆ ಸೋವಿಯತ್ ನಾಡಿನಿಂದ ಬಂದ ಯಹೂದಿ ಕುಟುಂಬಗಳು ಬಹಳ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ಯಹೂದಿಗಳು ನೆನೆಯುವ ಪೆಸಾಖ್ ಹಬ್ಬಕ್ಕೆ ವಾರ ಮುಂಚೆ, ಮಧ್ಯಾಹ್ನ, ಇವರಿಗಾಗಿ ಮಾದರಿ ಸೇಡರ್ (ಆ ಹಬ್ಬದ ರಾತ್ರಿಯ ವಿಧಿಯೂಟ) ಇಡುತ್ತೇವೆ. ನಿಜವಾದ ಸೇಡರ್ ಕತ್ತಲಾದ ಮೇಲೆ ಶುರುವಾಗುವುದರಿಂದ ವಯಸ್ಸಾದವರು ಅಷ್ಟು ಹೊತ್ತು ಕೂರಲಾರರು. ವಿಧಿ ಧರ್ಮಗುರು ರಬ್ಬಿಯವರದು, ನೋಂದಣಿ, ಎಲ್ಲರೂ ನೋಡಿ ಓದುವ ಹಾಳೆ, ಅಡುಗೆಮನೆ ನನ್ನ ಪಾಲು.

ನೋಂದಣಿ ಚೀಟಿಯಲ್ಲಿ ಹೆಸರು, ಫೋನ್, ಎಷ್ಟು ಕುರ್ಚಿ, ಗಾಲಿಕುರ್ಚಿ ಇದೆಯೇ, ಇಷ್ಟೇ ಇರಲಿ. 'ನೀವು ಯಹೂದಿಯೇ?' ಎಂಬ ಕಾಲಂ ಬೇಡವೇ ಬೇಡ. ಸೋವಿಯತ್ ಪಾಸ್‌ಪೋರ್ಟಿನ ಜನಾಂಗ ಬರೆಯುವ ಐದನೇ ಸಾಲಿನಲ್ಲಿ 'ಯೆವ್ರೇಯ್' (ಯಹೂದಿ) ಎಂದಿದ್ದ ಕಾರಣಕ್ಕೇ ಕಾಲೇಜು ಸೀಟು, ನೌಕರಿ ಕಳೆದುಕೊಂಡವರು ಇವರಲ್ಲಿದ್ದಾರೆ. ಆ ಕಾಲಂ ಕಂಡರೆ ಚೀಟಿ ಮಡಚಿಟ್ಟು ಎದ್ದು ಹೋಗುತ್ತಾರೆ. ಗಂಡ ಅಥವಾ ಹೆಂಡತಿ ಯಹೂದಿಯಲ್ಲದ ಮನೆಗಳೂ ಬೇಕಾದಷ್ಟಿವೆ.

ಸೇಡರಿನ 15 ಹಂತಗಳಲ್ಲಿ ಊಟ ಬರುವುದು 11ನೆಯದಕ್ಕೆ. ಕೆಡುವುದೆಲ್ಲ ಇಲ್ಲೇ. 5ನೇ ಹಂತದ ಈಜಿಪ್ಟ್ ಕಥೆ ಉದ್ದವಾದರೆ ಹಿಂದಿನ ಮೇಜಿನವರು ಮಟ್ಸಾ (ಹುಳಿ ಬರಿಸದ ರೊಟ್ಟಿ) ಮುರಿದು ತಿನ್ನತೊಡಗುತ್ತಾರೆ, ಗದ್ದಲ ಮುಂದಕ್ಕೂ ಹಬ್ಬುತ್ತದೆ. ಕಥೆಗೆ 20 ನಿಮಿಷ ಸಾಕು, ಅದೂ ರಷ್ಯನ್ನಿನಲ್ಲಿ. 3ನೇ ಹಂತದಲ್ಲಿ ಉಪ್ಪುನೀರಿಗೆ ಅದ್ದಿ ತಿನ್ನುವ ತರಕಾರಿ, ಅಂದರೆ ಕರ್ಪಸ್‌ಗೆ ಪಾರ್ಸ್ಲಿ ಎಲೆ ಬಿಟ್ಟು ಬೇಯಿಸಿದ ಆಲೂಗಡ್ಡೆ ಕೊಡಿ, ಉಪ್ಪುನೀರಿನ ಜೊತೆ, ತಲೆಗೆ ಒಂದಾದರೂ. ಪೂರ್ವ ಯುರೋಪಿನ ಚಳಿನಾಡಿನಲ್ಲಿ ಇದೇ ರೂಢಿ. ಹೊಟ್ಟೆಗೂ ಆಸರೆ.

8 ಜನರ ಮೇಜಿಗೆ ಒಂದು ಪೌಂಡಿನ ಎರಡು ಪೆಟ್ಟಿಗೆ ಮಟ್ಸಾ. ವಿಧಿಯಲ್ಲಿ ಕುಡಿಯುವ ನಾಲ್ಕು ಲೋಟ ವೈನಿಗೆ ತಲಾ 90 ಮಿಲಿಯಂತೆ ಒಬ್ಬರಿಗೆ 360 ಮಿಲಿ, ಅಂದರೆ ಮೇಜಿಗೆ 750 ಮಿಲಿಯ ನಾಲ್ಕು ಬಾಟಲಿ. ಅದರಲ್ಲಿ ಎರಡು ದ್ರಾಕ್ಷಿರಸದವು, ಮಕ್ಕಳಿಗೂ ಮಾತ್ರೆ ನುಂಗುವವರಿಗೂ. ವಿಧಿಯಲ್ಲಿ ತಿನ್ನುವ ಕಹಿಗೆ ಹಾರ್ಸ್‌ರ್ಯಾಡಿಶ್ ಬೇರನ್ನು ಅರ್ಧ ಗಂಟೆ ಮುಂಚೆ ತುರಿದು, ಕೂಡಲೇ ಬಿಗಿಯಾಗಿ ಮುಚ್ಚಬೇಕು. ತೆರೆದಿಟ್ಟರೆ ಖಾರ ಹಾರಿಹೋಗಿ ಬರೀ ಸಪ್ಪೆ ನಾರು ಉಳಿಯುತ್ತದೆ. ಕಿಟಕಿ ತೆಗೆದಿಟ್ಟೇ ತುರಿಯಿರಿ.

ದೊಡ್ಡ ತಲೆನೋವು ಮನೆಯಿಂದ ಬರುವ ಡಬ್ಬಿಗಳದ್ದು. ಅಜ್ಜಿಯಂದಿರು ಬರಿಗೈಲಿ ಬರುವವರಲ್ಲ. ಆದರೆ ರೈ ಧಾನ್ಯ ಹುಳಿಸಿ ಮಾಡುವ ಕ್ವಾಸ್ ಪಾನೀಯ, ಧಾನ್ಯದ ವೋಡ್ಕಾ ಪೆಸಾಖಿಗೆ ನಿಷಿದ್ಧ. ಆಲಿವಿಯೇ ಸಲಾಡಿನ ಬಟಾಣಿ, ಗ್ರೆಚ್ಕಾ ಅಂದರೆ ಬಕ್‌ವೀಟ್, ಎರಡನ್ನೂ ಅಶ್ಕೆನಾಜಿಗಳು (ಮಧ್ಯ, ಪೂರ್ವ ಯುರೋಪು ಮೂಲದ ಯಹೂದಿಗಳು) ಈ ಹಬ್ಬದಲ್ಲಿ ಮುಟ್ಟುವುದಿಲ್ಲ. ಬೀಟ್‌ರೂಟಿನ ಸಾರು ಬೋರ್ಷ್ ಆಗುತ್ತದೆ. ಮಾಂಸ, ಹಾಲು ಒಟ್ಟಿಗೆ ಸಲ್ಲದ್ದರಿಂದ, ಮಾಂಸದೂಟವಾದರೆ ಅದರ ಮೇಲೆ ಹುಳಿಕೆನೆ ಹಾಕುವ ಹಾಗಿಲ್ಲ. ಬಾಗಿಲಲ್ಲಿ ಡಬ್ಬಿ ವಾಪಸ್ ಮಾಡಿದರೆ ಅವಮಾನವಾಗುತ್ತದೆ. ಹಾಗಾಗಿ ಫೋನಿನಲ್ಲೇ 'ಇಡೀ ಹಣ್ಣು ಮಾತ್ರ ತನ್ನಿ, ಎರಡು ಗಂಟೆ ಮುಂಚೆ ಬನ್ನಿ' ಎಂದು ಹೇಳಿ, ಸೇಬು, ಅಕ್ರೋಟು, ದಾಲ್ಚಿನ್ನಿ, ವೈನಿನ ಖರೋಸೆತ್ ಎಂಬ ಸಿಹಿ ಮಿಶ್ರಣ ಕಲಸುವ ಕೆಲಸ ಅವರಿಗೇ ವಹಿಸುತ್ತೇವೆ.

ಹಾಳೆಯ ವಿಷಯ. ಹೀಬ್ರೂ ಪುಸ್ತಕ ಬಲದಿಂದ ತೆರೆಯುತ್ತದೆ, ರಷ್ಯನ್ ಎಡದಿಂದ. ಪುಟಸಂಖ್ಯೆ ಕೂಗಿದರೆ ಅರ್ಧ ಜನ ತಪ್ಪು ಪುಟದಲ್ಲಿರುತ್ತಾರೆ. 1ರಿಂದ 15ರ ಹಂತಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಹಾಕಿ, ಅದನ್ನೇ ಕೂಗಿ. ಹೀಬ್ರೂ ಪ್ರಾರ್ಥನೆ ರಷ್ಯನ್ನಿನ ಸಿರಿಲಿಕ್ ಲಿಪಿಯಲ್ಲಿ, ಅಕ್ಷರ 16 ಪಾಯಿಂಟ್‌ಗಿಂತ ಸಣ್ಣದು ಬೇಡ. 'ಈ ರಾತ್ರಿ ಯಾಕೆ ಬೇರೆ?' ಎಂದು ಸೇಡರಿನಲ್ಲಿ ಕೇಳುವ ನಾಲ್ಕು ಪ್ರಶ್ನೆಗಳನ್ನು ಮೊಮ್ಮಗು ಹೀಬ್ರೂವಿನಲ್ಲಿ, ಅಜ್ಜ ರಷ್ಯನ್ನಿನಲ್ಲಿ ಓದಲಿ. ಮಗುವಿನ ಮಾತು ಇಂಗ್ಲಿಷ್, ಅಜ್ಜನದು ರಷ್ಯನ್. ಇಬ್ಬರೂ ಕೂಡಿ ಮಾಡಬಹುದಾದ ಕೆಲಸ ಇಂಥದ್ದೇ.

ಹಬ್ಬ ಮುಗಿದ ಮೇಲೆ ಹೀಬ್ರೂ ಅಕ್ಷರ ತರಗತಿಗೆ ಇದೇ ನೋಂದಣಿ ಪಟ್ಟಿಯಿಂದ ಕರೆಯುತ್ತೇವೆ, ಭಾನುವಾರ ಬೆಳಿಗ್ಗೆ. 22 ಅಕ್ಷರಗಳನ್ನು ಮೊದಲನೆಯದಾದ ಅಲೆಫ್‌ನಿಂದ ಶುರು ಮಾಡುವುದಿಲ್ಲ. ಹೀಬ್ರೂವಿನ ಶಿನ್ ಮತ್ತು ರಷ್ಯನ್ನಿನ 'ಶ' ನೋಡಲು ಹೆಚ್ಚುಕಡಿಮೆ ಒಂದೇ, ದನಿಯೂ ಒಂದೇ. ಮೊದಲ ದಿನ ಹಲಗೆ ಮೇಲೆ ಅದೊಂದನ್ನೇ ಬರೆದರೆ ಮಗುವಿಗಿಂತ ಮುಂಚೆ ಅಜ್ಜನೇ ಓದುತ್ತಾನೆ.