ಚೆಲ್ಲೊ ಹೊತ್ತು ಶಾಲೆಗೆ, ಆಸ್ಪತ್ರೆಗೆ: ಕ್ವಾರ್ಟೆಟ್ ವಾದಕರಿಗೊಂದು ಕೈಪಿಡಿ

ಚೆಲ್ಲೊ (ಕೂತು, ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ, ವಯೊಲಿನ್ ಜಾತಿಯ ದೊಡ್ಡ ವಾದ್ಯ) ಕಲಿತು ಹೊರಬಂದವರ ಕಣ್ಣಿಗೆ ಮೊದಲು ಬೀಳುವುದು ಆರ್ಕೆಸ್ಟ್ರಾದ ಕುರ್ಚಿ. ಅದು ಖಾಲಿಯಾಗುವುದು ಅಪರೂಪ. ಹಾಗಾಗಿ ನಾಲ್ಕು ಜನ ಸೇರಿ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಒಂದು ಚೆಲ್ಲೊ) ಕಟ್ಟಿಕೊಂಡು, ಸಭಾಂಗಣದ ಕಚೇರಿಗಳ ಜೊತೆಗೆ ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳಲ್ಲೂ ನುಡಿಸಿ ಜೀವನ ನಡೆಸುವವರು ಹಲವರಿದ್ದಾರೆ. ಬ್ರಿಟನ್ನಿನಲ್ಲಿ ವಯೊಲಿನ್ ವಾದಕ ಯೆಹೂದಿ ಮೆನುಹಿನ್ ಮತ್ತು ಇಯಾನ್ ಸ್ಟೌಟ್ಸ್‌ಕರ್ 1977ರಲ್ಲಿ ಶುರು ಮಾಡಿದ ‘ಲೈವ್ ಮ್ಯೂಸಿಕ್ ನೌ’ ಯುವ ವಾದಕರನ್ನು ಸಂಭಾವನೆ ಕೊಟ್ಟು ಇಂಥ ಜಾಗಗಳಿಗೆ ಕಳಿಸುತ್ತದೆ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಸೆಬಾಸ್ಟಿಯನ್ ರೂತ್ 1997ರಲ್ಲಿ ಆರಂಭಿಸಿದ ‘ಕಮ್ಯುನಿಟಿ ಮ್ಯೂಸಿಕ್‌ವರ್ಕ್ಸ್’ ಹಿಡಿದದ್ದು ಬೇರೆ ದಾರಿ: ವಾದಕರು ಅದೇ ಊರಲ್ಲಿ ನೆಲೆನಿಂತು, ಅಲ್ಲಿನ ಮಕ್ಕಳಿಗೆ ಉಚಿತವಾಗಿ ಪಾಠ ಹೇಳುತ್ತ, ಅಲ್ಲಿಯೇ ಕಚೇರಿಯನ್ನೂ ಮಾಡುತ್ತಾರೆ.

ನಮ್ಮ ಒಲವು ಎರಡನೆಯ ದಾರಿಯ ಕಡೆಗೆ. ಆರು ಶಾಲೆಗೆ ಒಂದೊಂದು ಸಲ ಹೋಗುವ ಬದಲು ಒಂದೇ ಶಾಲೆಯ ಅದೇ ಮಕ್ಕಳ ಬಳಿ ಆರು ಸಲ ಹೋಗಿ. ಮೊದಲ ಭೇಟಿಯಲ್ಲಿ ಮಕ್ಕಳು ನೋಡುವುದು ವಾದ್ಯದ ಗಾತ್ರವನ್ನು. ಕೇಳಲು ಶುರು ಮಾಡುವುದು ಎರಡನೆಯದರಲ್ಲೋ ಮೂರನೆಯದರಲ್ಲೋ.

ಮೊದಲು ಕುರ್ಚಿ, ಆಮೇಲೆ ಸಂಗೀತ

ವಯೊಲಿನ್ ನುಡಿಸುವವರು ಎಲ್ಲಿ ಬೇಕಾದರೂ ನಿಂತಾರು. ಚೆಲ್ಲೊದವರಿಗೆ ಕುರ್ಚಿ ಬೇಕು, ನೆಲ ಬೇಕು. ಕೆಡುವುದು ಈ ಎರಡರಲ್ಲೇ. ಒಂದು ವಾರ ಮೊದಲೇ ಫೋನ್ ಮಾಡಿ ಸ್ಪಷ್ಟವಾಗಿ ಹೇಳಿ: ಕೈ ಇಲ್ಲದ, ಚಕ್ರವಿಲ್ಲದ, ಸಪಾಟು ಕೂರುವ ಜಾಗದ ನಾಲ್ಕು ಕುರ್ಚಿ, ಸುಮಾರು 45 ಸೆಂ.ಮೀ. ಎತ್ತರ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಜಾಗ. ‘ಕುರ್ಚಿ ಇವೆ ಬನ್ನಿ’ ಎಂಬ ಉತ್ತರವನ್ನು ನಂಬಬೇಡಿ, ಫೋಟೊ ತರಿಸಿಕೊಳ್ಳಿ. ಹಿಂದಕ್ಕೆ ಇಳಿಜಾರಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರ್ಧ ಗಂಟೆ ನುಡಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಹಿಂಬದಿ ದಪ್ಪ, ಮುಂಬದಿ ತೆಳ್ಳಗಿರುವ ಗಟ್ಟಿ ಸ್ಪಂಜಿನ ದಿಂಬೊಂದು ಯಾವಾಗಲೂ ಚೀಲದಲ್ಲಿರಲಿ.

ಇನ್ನು ನೆಲ. ಚೆಲ್ಲೊದ ತಳದಿಂದ ನೆಲಕ್ಕೂರುವ ಚೂಪು ಕಡ್ಡಿ, ಎಂಡ್‌ಪಿನ್, ಟೈಲ್ಸ್ ಮೇಲೆ ಜಾರುತ್ತದೆ, ಮರದ ನೆಲದಲ್ಲಿ ತೂತು ಮಾಡುತ್ತದೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅಂಥ ಒಂದೇ ತೂತು ಬಿದ್ದರೂ ಮುಂದಿನ ಐದು ಭೇಟಿಗಳ ಆಸೆ ಬಿಡಬೇಕು. ರಬ್ಬರ್ ತುದಿಯನ್ನೊಂದೇ ನಂಬಿ ಕೂರಬೇಡಿ. ಧೂಳು ಹಿಡಿದರೆ ಅದೂ ಜಾರುತ್ತದೆ. ಕುರ್ಚಿಯ ಮುಂಗಾಲಿಗೆ ಕುಣಿಕೆ ಹಾಕಿ, ಇನ್ನೊಂದು ತುದಿಯ ಬಿಲ್ಲೆಗೆ ಪಿನ್ ಊರುವ ಪಟ್ಟಿ ಸಿಗುತ್ತದೆ, ಅದನ್ನು ಬಳಸಿ. ಅದಿಲ್ಲದಿದ್ದರೆ ಒಂದು ಮೀಟರ್ ಉದ್ದದ ದಪ್ಪ ಕಾರ್ಪೆಟ್ ತುಂಡು ಸಾಕು. ಆದರೆ ಕುರ್ಚಿಯ ಮುಂಗಾಲುಗಳು ಕಾರ್ಪೆಟ್ಟಿನ ಮೇಲೆಯೇ ಇರಬೇಕು. ಇಲ್ಲದಿದ್ದರೆ ಚೆಲ್ಲೊ, ಕಾರ್ಪೆಟ್ ಎರಡೂ ಕೂಡಿಯೇ ಮಕ್ಕಳ ಕಡೆಗೆ ಹೊರಡುತ್ತವೆ.

ಅರ್ಧ ಗಂಟೆ ಮೊದಲೇ ತಲುಪಿ. ಚಳಿಗಾಲದಲ್ಲಿ ಕಾರಿನಿಂದ ಬಿಸಿ ಕೋಣೆಗೆ ಬಂದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಹದಿನೈದು–ಇಪ್ಪತ್ತು ನಿಮಿಷ ಮುಚ್ಚಿಡಿ. ಮರಕ್ಕೆ ಹಿತವೆನಿಸುವ ತೇವಾಂಶ ಶೇ. 40ರಿಂದ 60. ಹೀಟರ್ ಹಾಕಿದ ಒಣ ಕೋಣೆಯಲ್ಲಿ ಬಿರಡೆಗಳು ಸಡಿಲಾಗಿ ತಂತಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಿರುಗಿಸುವಾಗ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಿ. ನಾಲ್ಕೂ ತಂತಿ ಒಟ್ಟಿಗೆ ಸಡಿಲಗೊಂಡಿದ್ದರೆ ಶ್ರುತಿ ಮಾಡುವ ಮುನ್ನ ತಂತಿಗಳನ್ನು ಹೊರುವ ಕುದುರೆ (ಬ್ರಿಜ್) ನೆಟ್ಟಗೆ ನಿಂತಿದೆಯೇ ನೋಡಿ. ಚೀಲದಲ್ಲಿ ಒಂದು ಹೆಚ್ಚುವರಿ ‘ಎ’ ತಂತಿ ಇರಲೇಬೇಕು, ಎಲ್ಲಕ್ಕಿಂತ ತೆಳ್ಳಗಿನದು ಅದೇ.

ಏನು ನುಡಿಸಬೇಕು

ಏಳೆಂಟು ವರ್ಷದ ಮಕ್ಕಳಿಗೆ ಒಟ್ಟು 35 ನಿಮಿಷ ಸಾಕು. ಒಂದು ಸಲಕ್ಕೆ ಅರವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಒಂದೊಂದು ತುಣುಕು ಮೂರರಿಂದ ಐದು ನಿಮಿಷ. ಸಿನಿಮಾ ಹಾಡಿನಿಂದ ಶುರು ಮಾಡಿ ‘ಹತ್ತಿರವಾಗುವ’ ಉಪಾಯ ನಮಗೆ ಹಿಡಿಸುವುದಿಲ್ಲ. ಮಕ್ಕಳು ಗುರುತು ಹಿಡಿದು ಕಿರುಚುತ್ತಾರೆ ನಿಜ, ಆದರೆ ಆಮೇಲೆ ಬರುವುದೆಲ್ಲ ಅವರಿಗೆ ಸಪ್ಪೆಯಾಗುತ್ತದೆ.

ಸಂಗೀತ ರಚನೆಕಾರ ಹೈಡನ್ನನ ಓಪಸ್ (ಎಂದರೆ ಕೃತಿ) 33, ಸಂಖ್ಯೆ 2 ಕ್ವಾರ್ಟೆಟ್ (1781) ಇಂಥ ಜಾಗಕ್ಕೆಂದೇ ಬರೆದಂತಿದೆ. ‘ದಿ ಜೋಕ್’ ಎಂಬ ಅಡ್ಡಹೆಸರು ಬಂದದ್ದು ಅದರ ಕೊನೆಯ ಭಾಗದಿಂದ. ಕುಣಿಯುವ ಮಟ್ಟೊಂದು ಮತ್ತೆ ಮತ್ತೆ ಬಂದು, ಕೊನೆಗೆ ತುಂಡು ತುಂಡಾಗಿ ನಡುನಡುವೆ ನಿಲ್ಲುತ್ತದೆ. ಆಮೇಲೆ ಉದ್ದನೆಯ ಮೌನ. ಮುಗಿಯಿತೆನ್ನುವಷ್ಟರಲ್ಲಿ ಮೊದಲ ಸಾಲು ಮೆಲ್ಲಗೆ ಇನ್ನೊಮ್ಮೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಮಕ್ಕಳಿಗೆ ಮೊದಲೇ ಹೇಳಿ: ‘ಮುಗಿಯಿತು ಅನ್ನಿಸಿದಾಗ ಕೈ ಎತ್ತಿ.’ ಇಲ್ಲೊಂದು ಸೂಕ್ಷ್ಮವಿದೆ. ಆ ಮೌನದಲ್ಲಿ ನಾಲ್ವರೂ ಕಮಾನನ್ನು ತಂತಿಯ ಮೇಲೆಯೇ ಹಿಡಿದು ಕಲ್ಲಿನಂತೆ ಕೂತರೆ ಯಾರೂ ಮೋಸಹೋಗುವುದಿಲ್ಲ. ಒಬ್ಬರು, ಸಾಮಾನ್ಯವಾಗಿ ಚೆಲ್ಲೊದವರು, ಕಮಾನನ್ನು ನಿಧಾನವಾಗಿ ತೊಡೆಯ ಮೇಲಿಳಿಸಿ ನಿಟ್ಟುಸಿರು ಬಿಟ್ಟರೆ ಅರವತ್ತು ಕೈ ಒಟ್ಟಿಗೆ ಮೇಲೇಳುತ್ತವೆ. ಆದರೆ ಕೊನೆಯ ಸಾಲಿಗೆ ಕಮಾನು ವಾಪಸು ಬರಲು ಎಣಿಕೆ ತಪ್ಪಿರಬಾರದು. ಈ ನಟನೆಯನ್ನೂ ಅಭ್ಯಾಸ ಮಾಡಿ.

ವಿವರಣೆ ಒಂದು ತುಣುಕಿಗೆ ಮುಕ್ಕಾಲು ನಿಮಿಷ. ಹುಟ್ಟಿದ್ದು ಎಲ್ಲಿ, ಸತ್ತದ್ದು ಯಾವಾಗ ಎಂಬುದು ಬೇಡ. ಒಂದೇ ಸಂಗತಿಯನ್ನು ಕಿವಿಗೆ ತೋರಿಸಿ. ಬೀಥೋವನ್ನನ ಓಪಸ್ 59, ಸಂಖ್ಯೆ 1ರ ಆರಂಭದಲ್ಲಿ ರಾಗದ ಎಳೆ ಚೆಲ್ಲೊದ್ದು, ಎರಡನೇ ವಯೊಲಿನ್ ಮತ್ತು ವಿಯೋಲಾ ಒಂದೇ ಸ್ವರ ಬಡಿಯುತ್ತಿರುತ್ತವೆ. ಮೊದಲು ಬಡಿತವನ್ನಷ್ಟೇ ನುಡಿಸಿ, ಆಮೇಲೆ ಚೆಲ್ಲೊ ಒಂಟಿಯಾಗಿ, ಕೊನೆಗೆ ಎರಡೂ ಕೂಡಿಸಿ. ಹಿರಿಯರಿಗೆ ಬೊರೊಡಿನ್ನನ ಎರಡನೇ ಕ್ವಾರ್ಟೆಟ್ಟಿನ ‘ನಾಕ್ಟರ್ನ್’ ಎಂಬ ನಿಧಾನದ ಭಾಗ ಹಿಡಿಸುತ್ತದೆ. ಅದೂ ಚೆಲ್ಲೊದಿಂದಲೇ ಶುರು. ಕೇಳುವವರಲ್ಲಿ ಕನ್ನಡದ ಅಜ್ಜ ಅಜ್ಜಿಯರಿದ್ದರೆ ಕೆಲಸ ಇನ್ನೂ ಹಗುರ: ‘ಜಿ’ ಮತ್ತು ‘ಡಿ’ ತಂತಿಗಳನ್ನು ಬೆರಳೊತ್ತದೆ ನುಡಿಸಿ, ಅದು ಸ–ಪ ಎಂದರೆ ಸಾಕು, ತಂಬೂರಿ ಕೇಳಿದ ಕಿವಿ ಮಿಕ್ಕಿದ್ದನ್ನು ತಾನೇ ಹಿಡಿಯುತ್ತದೆ.

ಯಾರಾದರೂ ಜ್ವರ ಬಂದು ಮಲಗುವುದು ಖಚಿತ. ಒಬ್ಬ ವಯೊಲಿನ್ ವಾದಕರು ಬರದಿದ್ದರೆ ಶೂಬರ್ಟ್ ಮೂವರಿಗೆಂದು ಬರೆದ ಬಿ ಫ್ಲಾಟ್ ಟ್ರಯೊದ ಒಂಟಿ ಭಾಗ (ಅವನ ಕೃತಿಪಟ್ಟಿಯಲ್ಲಿ ಡಿ. 471) ಕೈಯಲ್ಲಿರಲಿ. ಇಬ್ಬರೂ ಬರದಿದ್ದರೆ ವಿಯೋಲಾ–ಚೆಲ್ಲೊ ಜೋಡಿಗೆ ಬೀಥೋವನ್ ಬರೆದದ್ದೊಂದಿದೆ. ‘ಎರಡು ಕನ್ನಡಕಗಳೊಂದಿಗೆ’ ಎಂದು ಅವನೇ ತಮಾಷೆಗೆ ಹೆಸರಿಟ್ಟಿದ್ದ. ಸುಲಭವಲ್ಲ, ಮೊದಲೇ ಕಲಿತಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ

ಇಲ್ಲಿ ಇಪ್ಪತ್ತು ನಿಮಿಷ ಮೀರಬೇಡಿ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವ ತನಕ ವಾದ್ಯ ಮುಟ್ಟಕೂಡದು: ಆಲ್ಕೋಹಾಲ್ ವಾರ್ನಿಷ್ ಕರಗಿಸುತ್ತದೆ, ಬೆರಳಿನ ಗುರುತು ಶಾಶ್ವತವಾಗಿ ಉಳಿಯುತ್ತದೆ. ಸ್ಟ್ರೆಚರ್ ಓಡಾಡುವ ದಾರಿಗೆ ಪೆಟ್ಟಿಗೆ ಅಡ್ಡ ಬಾರದಿರಲಿ. ಕಾರಿಡಾರಿನ ಟೈಲ್ಸ್ ಗೋಡೆಗಳು ‘ಸಿ’ ತಂತಿಯ ಸದ್ದನ್ನು ಹಿಗ್ಗಿಸುತ್ತವೆ, ಕುದುರೆಗೆ ಸಿಕ್ಕಿಸಿ ಸದ್ದು ತಗ್ಗಿಸುವ ಮ್ಯೂಟ್ ಹಾಕಿಯೇ ಶುರು ಮಾಡಿ. ಯಾವ ಕೋಣೆಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬುದನ್ನು ತೀರ್ಮಾನಿಸುವವರು ನರ್ಸ್, ನೀವಲ್ಲ. ಹಾಸಿಗೆಯ ಪಕ್ಕ ಒಬ್ಬರೇ ನುಡಿಸುವುದಾದರೆ ಬಾಕ್ ಒಂಟಿ ಚೆಲ್ಲೊಗೆ ಬರೆದ ಜಿ ಮೇಜರ್ ಸೂಟ್ ಸಾಕಷ್ಟಾಯಿತು. ರೋಗಿ ಬಯಸಿದರೆ ಅಂಗೈಯನ್ನು ಚೆಲ್ಲೊದ ಪಕ್ಕದ ಹಲಗೆಗೆ ಒತ್ತಿ ಹಿಡಿಯಲಿ. ‘ಸಿ’ ತಂತಿ ಸೆಕೆಂಡಿಗೆ ಸುಮಾರು 65 ಸಲ ಅದುರುತ್ತದೆ. ಕಿವಿ ಮಂದವಾದವರಿಗೂ ಅದು ಕೈಗೆ ಕೇಳಿಸುತ್ತದೆ.

ಲೆಕ್ಕ

‘ಮಕ್ಕಳಿಗಾಗಿ ತಾನೇ, ಪುಕ್ಕಟೆ ಬನ್ನಿ’ ಎನ್ನುವವರಿಗೆ ಸೌಜನ್ಯದಿಂದಲೇ ಒಂದು ಹಾಳೆ ಕಳಿಸಿ. ಅದರಲ್ಲಿ ನುಡಿಸಿದ ಅರ್ಧ ಗಂಟೆಯೊಂದೇ ಅಲ್ಲ, ಶಿಕ್ಷಕರೊಡನೆ ಮುಂಚಿನ ಸಭೆ, ಎರಡು ರಿಹರ್ಸಲ್, ಪ್ರಯಾಣ, ವಾದ್ಯದ ವಿಮೆ ಎಲ್ಲ ಬರಲಿ. ದಿನಕ್ಕೆ ಮೂರು ಪ್ರದರ್ಶನ ಮಿತಿ. ಆ ಸಂಜೆ ಕಚೇರಿ ಒಪ್ಪಿಕೊಳ್ಳಬೇಡಿ, ಎಡ ಹೆಬ್ಬೆರಳು ಸೋತಿರುತ್ತದೆ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ತೆಗೆಯಬೇಡಿ, ತರಗತಿಯಲ್ಲಿ ಶಿಕ್ಷಕರು ಕೊನೆಯತನಕ ಇರಲಿ.

ಕಡೆಯ ಹತ್ತು ನಿಮಿಷ ಮಕ್ಕಳಿಗೆ ಬಿಡಿ. ಅರ್ಧ ಅಳತೆಯ ಚೆಲ್ಲೊ ಒಂದನ್ನು ಬಾಡಿಗೆಗೆ ತಂದರೆ ಒಬ್ಬೊಬ್ಬರಾಗಿ ಕೂತು, ಬೆರಳೊತ್ತದೆ, ತಂತಿಯ ಮೇಲೆ ಕಮಾನು ಎಳೆಯಬಹುದು. ಕಮಾನಿನ ಕೂದಲು ಮುಟ್ಟಬಾರದೆಂದು ಮೊದಲೇ ಹೇಳಿ: ಬೆರಳಿನ ಜಿಡ್ಡು ಹತ್ತಿದ ಕಡೆ ಕೂದಲಿಗೆ ಉಜ್ಜುವ ರಾಳ (ರೋಸಿನ್) ಹಿಡಿಯದೆ ಕಮಾನು ಸದ್ದಿಲ್ಲದೆ ಜಾರುತ್ತದೆ. ಕೈಯೆತ್ತದ ಮಗು ಯಾವುದೆಂದು ಗಮನಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಭೇಟಿಯಲ್ಲಿ ಆ ಮಗುವಿನಿಂದ ಶುರು ಮಾಡಿ.