ಕೆಂಪು ಬಾವುಟದ ಪಕ್ಷ ನಡೆಯುವುದು ಹೇಗೆ? ಬುಡದಿಂದ ನೋಡಿ

ಮಿಸ್ಡ್ ಕಾಲ್ ಕೊಟ್ಟು ಪಕ್ಷ ಸೇರುವ ಕಾಲದಲ್ಲಿ ಸಿಪಿಎಂ, ಅಂದರೆ ಭಾರತ ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ), ವಿಚಿತ್ರವಾಗಿ ಕಾಣುತ್ತದೆ. ಫ್ಲೆಕ್ಸ್‌ನಲ್ಲಿರುವ ಮುಖ ನೋಡಿ ಅದನ್ನು ಅಳೆಯಲಾಗದು. ಕೆಳಗಿನಿಂದ ಹತ್ತುತ್ತಾ ಹೋಗಬೇಕು.

ಮೊದಲು ಸದಸ್ಯರು ಯಾರೆಂದು ನೋಡಿ. 18 ತುಂಬಿರಬೇಕು, ಇಬ್ಬರು ಸದಸ್ಯರು ಶಿಫಾರಸು ಮಾಡಬೇಕು. ಆಮೇಲೂ ಒಂದು ವರ್ಷ ಉಮೇದುವಾರಿಕೆ, ಅಂದರೆ ಪೂರ್ಣ ಸದಸ್ಯತ್ವಕ್ಕೆ ಮುಂಚಿನ ಪರೀಕ್ಷೆಯ ಕಾಲ. ಆಗ ಚರ್ಚೆಗೆ ಕೂರಬಹುದು, ಮತ ಹಾಕುವಂತಿಲ್ಲ. ಸದಸ್ಯತ್ವವನ್ನು ಪ್ರತಿ ವರ್ಷ ನವೀಕರಿಸಬೇಕು. ಇಲ್ಲಿ ಹಲವರು ಎಡವುತ್ತಾರೆ: ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಪಕ್ಷದ ಜೊತೆ ನಂಟಿರುವ ಕಾರ್ಮಿಕ ಸಂಘಟನೆ ಸಿಐಟಿಯು ಬಾವುಟ ಹಿಡಿದು ಕೂತ ಅಂಗನವಾಡಿ ಕಾರ್ಯಕರ್ತೆಯರೆಲ್ಲ ಪಕ್ಷದವರಲ್ಲ. ಸಂಘ ಬೇರೆ, ಪಕ್ಷ ಬೇರೆ.

ಎರಡನೆಯದು ಏಣಿ. ತಳದಲ್ಲಿ ಶಾಖೆ, ಅದರ ಮೇಲೆ ಸ್ಥಳೀಯ, ಜಿಲ್ಲಾ, ರಾಜ್ಯ ಸಮಿತಿಗಳು, ತುದಿಯಲ್ಲಿ ಕೇಂದ್ರ ಸಮಿತಿ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಹಾಧಿವೇಶನ ಕೇಂದ್ರ ಸಮಿತಿಯನ್ನು ಆರಿಸುತ್ತದೆ. ಆ ಕೇಂದ್ರ ಸಮಿತಿ ತನ್ನೊಳಗಿಂದ ಪಾಲಿಟ್‌ಬ್ಯೂರೊ ಎಂಬ ಚಿಕ್ಕ ನಾಯಕ ಮಂಡಳಿಯನ್ನೂ ಪ್ರಧಾನ ಕಾರ್ಯದರ್ಶಿಯನ್ನೂ ಆರಿಸುತ್ತದೆ. ಕಾಗದದ ಮೇಲೆ ಇಷ್ಟೇ. ಆದರೆ ಹೊಸ ಸಮಿತಿಯ ಪಟ್ಟಿಯನ್ನು ಮುಂದಿಡುವುದು ನಿರ್ಗಮಿಸುವ ಸಮಿತಿಯೇ. ಅದಕ್ಕೆದುರಾಗಿ ನಿಲ್ಲಬಹುದು, ಗೆಲ್ಲುವುದು ಅಪರೂಪ. 2025ರ ಏಪ್ರಿಲ್‌ನಲ್ಲಿ ಮದುರೈನಲ್ಲಿ ಎಂ.ಎ. ಬೇಬಿ ಪ್ರಧಾನ ಕಾರ್ಯದರ್ಶಿಯಾದ ಮಹಾಧಿವೇಶನದಲ್ಲೇ ಮಹಾರಾಷ್ಟ್ರದ ಡಿ.ಎಲ್. ಕರಾಡ್ ಪಟ್ಟಿಗೆ ಎದುರಾಗಿ ನಿಂತು ಸೋತರು.

ಹಾಗಾದರೆ ನಾಯಕನ ಮಾತಿಗೆ ಬೆಲೆಯೆಷ್ಟು? 1996ನ್ನು ನೆನಪಿಸಿಕೊಳ್ಳಿ. ಕಾಂಗ್ರೆಸ್, ಬಿಜೆಪಿ ಎರಡೂ ಅಲ್ಲದ ಪಕ್ಷಗಳ ಕೂಟವಾದ ಸಂಯುಕ್ತ ರಂಗ ಪ್ರಧಾನಿ ಪಟ್ಟವನ್ನು ಪಕ್ಷದ ನಾಯಕ, ಆಗಿನ ಪಶ್ಚಿಮ ಬಂಗಾಳ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಮನೆ ಬಾಗಿಲಿಗೇ ತಂದಿತ್ತು. ಬಸು ಒಪ್ಪಿದ್ದರು, ಪ್ರಧಾನ ಕಾರ್ಯದರ್ಶಿ ಸುರ್ಜಿತ್ ಕೂಡ ಒಪ್ಪಿದ್ದರು. ಕೇಂದ್ರ ಸಮಿತಿಯ ಬಹುಮತ ಬೇಡವೆಂದಿತು. ಅಲ್ಲಿಗೆ ಮುಗಿಯಿತು, ಕನ್ನಡಿಗ ದೇವೇಗೌಡರು ಪ್ರಧಾನಿಯಾದರು! ಅದು ಐತಿಹಾಸಿಕ ಪ್ರಮಾದವೆಂದು ಬಸು ಆಮೇಲೆ ಹೇಳಿದರೂ ಪಕ್ಷ ಬಿಡಲಿಲ್ಲ. ಒಳಗೆ ಎಷ್ಟಾದರೂ ವಾದಿಸು, ತೀರ್ಮಾನವಾದ ಮೇಲೆ ಪಾಲಿಸು ಎಂಬ ಈ ಪದ್ಧತಿಗೆ ಜನತಾಂತ್ರಿಕ ಕೇಂದ್ರೀಯತೆ ಎನ್ನುತ್ತಾರೆ. ಪಾಲಿಸದಿದ್ದರೆ? 2008ರಲ್ಲಿ ಲೋಕಸಭೆಯ ಸ್ಪೀಕರ್ ಸ್ಥಾನ ಬಿಡಲೊಪ್ಪದ ಸೋಮನಾಥ ಚಟರ್ಜಿ ಅವರನ್ನೇ ಉಚ್ಚಾಟಿಸಿದರು. ನನಗೆ ಅದು ಶಿಸ್ತಿಗಿಂತ ಹಟವಾಗಿ ಕಂಡಿತ್ತು.

ಕೊನೆಗೆ ದುಡ್ಡು. ಸದಸ್ಯರು ಆದಾಯಕ್ಕೆ ತಕ್ಕಂತೆ ಲೆವಿ (ಪಕ್ಷಕ್ಕೆ ಕೊಡಲೇಬೇಕಾದ ವಂತಿಗೆ) ಕಟ್ಟುತ್ತಾರೆ. ಶಾಸಕ, ಸಂಸದರ ಸಂಬಳವೂ ಪಕ್ಷದ ಲೆಕ್ಕಕ್ಕೆ ಒಳಪಡುತ್ತದೆ. ಇನ್ನುಳಿದದ್ದು ದೇಣಿಗೆ, ಬೀದಿಯಲ್ಲಿ ಡಬ್ಬಿ ಹಿಡಿದು ಎತ್ತಿದ ಹಣ. ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬಿಡುತ್ತಿದ್ದ ಚುನಾವಣಾ ಬಾಂಡ್ ಬೇಡವೆಂದ ಈ ಪಕ್ಷ ಅದರ ವಿರುದ್ಧ ಸುಪ್ರೀಂ ಕೋರ್ಟ್‌ಗೂ ಹೋಗಿತ್ತು. 2024ರ ಫೆಬ್ರುವರಿ 15ರಂದು ಕೋರ್ಟ್ ಆ ಯೋಜನೆಯನ್ನು ರದ್ದುಮಾಡಿತು.

ಲೆಕ್ಕ ನೀವೇ ನೋಡಬೇಕೆಂದರೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಪಕ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ದೇಣಿಗೆ ಪಟ್ಟಿ ತೆರೆಯಿರಿ. ₹20,000 ಮೀರಿದ ದೇಣಿಗೆಗೆ ಕೊಟ್ಟವರ ಹೆಸರಿರುತ್ತದೆ. ಅದಕ್ಕಿಂತ ಕಡಿಮೆಯದಕ್ಕೆ ಹೆಸರು ಕೊಡಬೇಕಿಲ್ಲ. ಎಲ್ಲ ಪಕ್ಷಗಳಿಗೂ ಇರುವ ಈ ಸಂದಿಯಲ್ಲೇ ಡಬ್ಬಿಯ ಹತ್ತು ರೂಪಾಯಿಯೂ ಕೂತಿರುತ್ತದೆ.